ಸೊನ್ನೆ ಹಾಲು

ಸೋಪಮ್ಮ ಎಂಬ ಹೆಸರನ್ನು ಅವಳಿಗೆ ಯಾರೂ ಇಟ್ಟದ್ದಲ್ಲ. ತೊಳೆದು ತೊಳೆದು ಅವಳೇ ಸಂಪಾದಿಸಿಕೊಂಡದ್ದು. ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯಲೆಂದೇ ಒಬ್ಬ ಹೆಂಗಸಿದ್ದಳು. ಆಕೆ ತೊಳೆದು ಬೋರಲು ಹಾಕಿದ ಒಂದೊಂದು ಶೀಸೆಯನ್ನೂ ಸೋಪಮ್ಮ ಕಿಟಕಿಯ ಬೆಳಕಿಗೆ ಹಿಡಿದು, ಮೂಗು ಮುರಿದು, ಮತ್ತೆ ತೊಳೆಯುತ್ತಿದ್ದಳು. ಬಾಗಿಲನ್ನು ಮೊಣಕೈಯಿಂದಲೇ ನೂಕುತ್ತಿದ್ದಳು. ಯಾರಾದರೂ ಸೀನಿದರೆ ಆ ಕೋಣೆಯನ್ನೇ ಬಿಟ್ಟು ಎದ್ದು ಹೋಗುತ್ತಿದ್ದಳು. ಮನೆಯಲ್ಲೂ ಅದೇ ಪಾಡು. ಅವಳು ತೊಳೆದ ಸೊಪ್ಪಿನಲ್ಲಿ ಮಣ್ಣೂ ಉಳಿಯುವುದಿಲ್ಲ, ಸೊಪ್ಪೂ ಅಷ್ಟಾಗಿ ಉಳಿಯುವುದಿಲ್ಲ ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಸೋಪಮ್ಮನಿಗೆ ಇದರಿಂದ ಕೋಪ ಬರುತ್ತಿರಲಿಲ್ಲ. ಕೊಳಕರ ನಡುವೆ ತಾನೊಬ್ಬಳು ಹೇಗೋ ಶುದ್ಧವಾಗಿ ಬದುಕಿದ್ದೇನೆ ಎಂದು ಅವಳು ನಿಜವಾಗಿಯೂ ನಂಬಿದ್ದಳು.

ಕೆಲಸವೂ ಅವಳಿಗೆ ಹೇಳಿ ಮಾಡಿಸಿದಂಥದ್ದೇ ಸಿಕ್ಕಿತ್ತು. ತಾಯಂದಿರ ಎದೆಹಾಲಿನಲ್ಲಿ ಕೀಟನಾಶಕ ಎಷ್ಟು ಸೇರಿಕೊಂಡಿದೆ ಎಂದು ಅಳೆಯುವ ಕೆಲಸ. ಬೆಳೆಗೆ ಹೊಡೆದ, ಗೋಡೆಗೆ ಎರಚಿದ, ಹೇನು ಸಾಯಲೆಂದು ತಲೆಗೆ ತಿಕ್ಕಿದ ಔಷಧಿಗಳಲ್ಲಿ ಕೆಲವು ಒಮ್ಮೆ ಮೈಯೊಳಗೆ ಹೋದರೆ ಸುಲಭಕ್ಕೆ ಹೊರಬೀಳುವ ಜಾತಿಯವಲ್ಲ. ಕೊಬ್ಬಿನಲ್ಲಿ ತಳವೂರಿ ವರ್ಷಗಟ್ಟಲೆ ಕೂತಿರುತ್ತವೆ. ಹೆಂಗಸು ಹೆತ್ತು ಹಾಲೂಡಿಸತೊಡಗಿದಾಗ ಹಾಲಿನ ಕೊಬ್ಬಿನ ಜೊತೆ ಇಳಿದು ಬರುತ್ತವೆ. ಶೀತಪೆಟ್ಟಿಗೆಯಲ್ಲಿ ಗಡ್ಡೆಕಟ್ಟಿದ ಆ ಹಾಲನ್ನು ಸೋಪಮ್ಮ ಬೆಚ್ಚಗಿನ ನೀರಿನಲ್ಲಿ ಕರಗಿಸುತ್ತಿದ್ದಳು. ಮೇಲೆ ತೇಲಿದ ಕೆನೆ ಮತ್ತೆ ಬೆರೆಯುವಂತೆ ಮೆಲ್ಲಗೆ ಅಲ್ಲಾಡಿಸುತ್ತಿದ್ದಳು. ದ್ರಾವಕ ಸೇರಿಸಿ ಗಾಜಿನ ಆಲಿಕೆಯಲ್ಲಿ ಕುಲುಕಿ, ಪದರ ಬೇರೆಯಾಗುವವರೆಗೆ ಕಾದು, ಬೇಕಾದ ಪದರವನ್ನಷ್ಟೇ ಹಿಡಿದುಕೊಂಡು, ನೀರಿನ ಪಸೆ ಹೀರಲು ಒಣ ಉಪ್ಪಿನ ಮೇಲೆ ಹಾಯಿಸಿ, ಬಿಳಿ ಪುಡಿ ತುಂಬಿದ ಕೊಳವೆಯಲ್ಲಿ ಇಳಿಸಿ ಕೊಬ್ಬನ್ನು ಬೇರೆ ಮಾಡಿದ ಮೇಲೆ ಕೊನೆಗೆ ಉಳಿಯುವುದು ಕೆಲವೇ ಹನಿ. ಅದನ್ನು ಯಂತ್ರಕ್ಕೆ ಚುಚ್ಚಿದರೆ ಪರದೆಯ ಮೇಲೆ ಒಂದು ಗೆರೆ ಓಡುತ್ತದೆ. ಔಷಧಿ ಇದ್ದಲ್ಲಿ ಗೆರೆ ಎದ್ದು ಮೊನೆಯಾಗುತ್ತದೆ. ಮೊನೆ ಎತ್ತರವಾದಷ್ಟೂ ವಿಷ ಹೆಚ್ಚು.

ಇದರಲ್ಲೊಂದು ತೊಡಕಿತ್ತು. ದ್ರಾವಕದಲ್ಲಿ, ಗಾಜಿನಲ್ಲಿ, ಕೈಗವಸಿನಲ್ಲಿ ಇದ್ದ ಕಸವೂ ಗೆರೆಯಲ್ಲಿ ಮೂಡುತ್ತದೆ. ಹಾಗಾಗಿ ಔಷಧಿಯೇ ಇಲ್ಲದ ಹಾಲೊಂದನ್ನು ಉಳಿದೆಲ್ಲ ಹಾಲುಗಳ ಜೊತೆ ಅದೇ ದಾರಿಯಲ್ಲಿ ನಡೆಸಿ, ಅದರಲ್ಲಿ ಎಷ್ಟು ಮೂಡಿತೋ ಅಷ್ಟನ್ನು ಮಿಕ್ಕವುಗಳಿಂದ ಕಳೆಯಬೇಕು. ಕಳೆದ ಮೇಲೆ ಏನೂ ಉಳಿಯದಿದ್ದರೆ ‘ಪತ್ತೆಯಾಗಿಲ್ಲ’ ಎಂದು ವರದಿ ಹೋಗುತ್ತದೆ. ಅಳತೆಗೋಲಿಗೆ ತಳವಾಗಿ ನಿಲ್ಲುವ ಆ ಶುದ್ಧ ಹಾಲಿಗೆ ಅಲ್ಲಿಯವರು ಸೊನ್ನೆ ಹಾಲು ಎನ್ನುತ್ತಿದ್ದರು. ಮೊದಲೆಲ್ಲ ಅದು ಬೇರೊಂದು ದೊಡ್ಡ ಪ್ರಯೋಗಾಲಯದಿಂದ ಬರುತ್ತಿತ್ತು. ಆಮೇಲೆ ಅವರು ಕಳಿಸುವುದನ್ನು ನಿಲ್ಲಿಸಿದರು. ಅದೇ ಹೊತ್ತಿಗೆ ಸೋಪಮ್ಮ ಹೆರಿಗೆ ರಜೆ ಮುಗಿಸಿಕೊಂಡು ಕೆಲಸಕ್ಕೆ ಬಂದಿದ್ದಳು. ಮಧ್ಯಾಹ್ನವಾಯಿತೆಂದರೆ ಎದೆ ಕಟ್ಟಿಕೊಂಡು ನೋಯುತ್ತಿತ್ತು. ಸಾಮಾನು ಕೋಣೆಯಲ್ಲಿ ಕೂತು ಹಿಂಡಿ ಚೆಲ್ಲುತ್ತಿದ್ದಳು.

ಪ್ರಯೋಗಾಲಯದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎಂದಷ್ಟೇ ಕರೆಯುತ್ತಿದ್ದರು. ಮೆದು ದನಿ, ಮೆದು ಚಪ್ಪಲಿ. ಪಕ್ಕಕ್ಕೆ ಬಂದು ನಿಂತರೂ ತಿಳಿಯುತ್ತಿರಲಿಲ್ಲ. ಒಂದು ದಿನ ಸಾಮಾನು ಕೋಣೆಯ ಬಾಗಿಲಲ್ಲಿ ನಿಂತು, “ಅದನ್ನ ಯಾಕೆ ಚೆಲ್ತೀಯ? ನನಗೆ ಕೊಡು. ನಿನ್ನಷ್ಟು ಶುದ್ಧವಾಗಿರೋರು ಇನ್ನೆಲ್ಲಿ ಸಿಗ್ತಾರೆ,” ಎಂದರು. ಸೋಪಮ್ಮ ಒಂದು ಶೀಸೆ ತುಂಬಿಸಿ ಕೊಟ್ಟಳು. ಮಾರನೆಯ ದಿನ ಮೇಡಂ, “ಚೆನ್ನಾಗಿದೆ. ಇನ್ನು ಮೇಲೆ ನಿಂದೇ ಸೊನ್ನೆ,” ಎಂದರು. ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಜನ್ಮದಲ್ಲಿ ಮೊದಲ ಸಲ ಅವಳ ತೊಳೆಯುವಿಕೆಗೆ ಯಂತ್ರವೇ ಸಾಕ್ಷಿ ಹೇಳಿತ್ತು. ಹಾಲಿನಿಂದ ಸಾರ ತೆಗೆಯುವುದು ಇವಳ ಕೆಲಸ, ಗೆರೆ ಓದಿ ಲೆಕ್ಕ ಕಟ್ಟುವುದು ಮೇಡಂ ಕೆಲಸ. ತನ್ನ ಗೆರೆ ಹೇಗಿತ್ತೆಂದು ನೋಡಬೇಕೆಂದೂ ಅವಳಿಗೆ ಅನ್ನಿಸಲಿಲ್ಲ.

ಈ ಸುದ್ದಿಯನ್ನು ಅವಳು ಮನೆಗೆ ಒಯ್ದಳು. ಒಯ್ಯದೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮನೆಯಲ್ಲಿ ಅತ್ತೆ, ಇವಳು, ಮೈದುನನ ಹೆಂಡತಿ, ಮತ್ತು ಇಬ್ಬರ ಎರಡು ಕೂಸುಗಳು. ಅಣ್ಣತಮ್ಮಂದಿರಿಬ್ಬರೂ ಲಾರಿ ಓಡಿಸುವವರು. ಮನೆಯಲ್ಲಿದ್ದುದಕ್ಕಿಂತ ರಸ್ತೆಯಲ್ಲಿದ್ದದ್ದೇ ಹೆಚ್ಚು. ಓರಗಿತ್ತಿ ಊರಾಚೆಯ ಗಾಜಿನ ಮನೆಗಳಲ್ಲಿ ಹೂವು ಕತ್ತರಿಸಿ ಕಟ್ಟುಕಟ್ಟುವ ಕೆಲಸದವಳು. ನಕ್ಕರೆ ಮನೆಯೆಲ್ಲ ಕೇಳುವಂತೆ ನಗುತ್ತಿದ್ದಳು. ಕೈ ತೊಳೆಯದೆ ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ಅವಳಿಗೆ ಹಾಲೋ ಹಾಲು. ರವಿಕೆ ನೆನೆದು ಸೀರೆಗಿಳಿಯುವಷ್ಟು. ಅವಳ ಮಗ ಗುಂಡ ಹೆಸರಿಗೆ ತಕ್ಕಂತೆ ಉರುಟುರುಟಾಗಿ ಬೆಳೆದಿದ್ದ. ಸೋಪಮ್ಮನ ಮಗಳು ಪುಟ್ಟಿ ಕಡ್ಡಿ. ಅತ್ತೆ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಮಲಗಿಸಿ, “ಇದು ತಿಂದುಂಡ ಮನೆ ಮಗು, ಇದು ತೊಳೆದಿಟ್ಟ ಮನೆ ಮಗು,” ಎನ್ನುತ್ತಿದ್ದರು. ತಮಾಷೆಗೇ ಅನ್ನುತ್ತಿದ್ದರು. ಆದರೆ ಸೋಪಮ್ಮನ ಹೊಟ್ಟೆಯಲ್ಲಿ ಆ ಮಾತು ಕಿಚ್ಚು ಹಚ್ಚುತ್ತಿತ್ತು.

ಹಾಗಾಗಿ ಹೂವಿನ ಕೆಲಸದ ಬಾಣಂತಿಯರ ಹಾಲು ಪರೀಕ್ಷೆ ಮಾಡಬೇಕೆಂದು ಮೇಡಂ ಹೊರಟಾಗ, ಸೋಪಮ್ಮ ತಾನಾಗಿಯೇ ಮನೆಯಿಂದ ಒಂದು ಶೀಸೆ ತಂದಳು. ಓರಗಿತ್ತಿ ನಗುನಗುತ್ತಲೇ ಹಿಂಡಿಕೊಟ್ಟಳು. “ನೋಡಿ ಅಕ್ಕಾ, ನಿಮ್ಮ ಯಂತ್ರ ತುಂಬಿ ಹರಿದೀತು,” ಎಂದಳು. ಕೆಲವು ದಿನಗಳಾದ ಮೇಲೆ ಮೇಡಂ ಕಾಗದ ಕೊಟ್ಟರು. ಹೆಚ್ಚಿನ ತಾಯಂದಿರಿಗೆ ‘ಪತ್ತೆಯಾಗಿಲ್ಲ’. ಓರಗಿತ್ತಿಗೆ ಮಾತ್ರ ಸಣ್ಣದೊಂದು ಅಂಕಿ ಬಂದಿತ್ತು. “ಏನೂ ಇಲ್ಲ ಇದು, ಧಾರಾಳವಾಗಿ ಹಾಲು ಕುಡಿಸಬಹುದು ಅಂತ ಹೇಳು,” ಎಂದರು ಮೇಡಂ. ಬೇರೆಲ್ಲ ತಾಯಂದಿರಿಗೂ ಸೋಪಮ್ಮ ಅದೇ ಮಾತನ್ನು ಬಾಯಿಪಾಠದಂತೆ ಒಪ್ಪಿಸುತ್ತಿದ್ದಳು.

ಮನೆಯಲ್ಲಿ ಮಾತ್ರ ಒಪ್ಪಿಸಲಿಲ್ಲ. ಕಾಗದವನ್ನು ಅತ್ತೆಯ ಮುಂದಿಟ್ಟು, ನಿಟ್ಟುಸಿರು ಬಿಟ್ಟು, “ನಂದು ಸೊನ್ನೆ. ಇವಳದ್ರಲ್ಲಿ ಇದೆ,” ಎಂದಳು.

“ಇದೆ ಅಂದ್ರೆ? ಏನಿದೆ?” ಎಂದರು ಅತ್ತೆ.

“ಹುಳ ಸಾಯಿಸೋ ಔಷಧಿ.”

“ಎಷ್ಟಿದೆ?”

“ಎಷ್ಟಾದ್ರೇನತ್ತೆ. ಕೂಸಿನ ಬಾಯಿಗೆ ಹೋಗೋದು.”

ಸುಳ್ಳು ಹೇಳಿದ್ದೇನೂ ಅಲ್ಲ. ಆದರೆ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಓರಗಿತ್ತಿಯ ಮುಖ ಸುಣ್ಣದಂತಾಯಿತು. ಗುಂಡನನ್ನು ಅಂದೇ ಎದೆಯಿಂದ ಬಿಡಿಸಿದರು. ಬಾಟಲಿಯ ಹಾಲು ಅವನಿಗೆ ಒಗ್ಗಲಿಲ್ಲ. ಕುಡಿದದ್ದನ್ನೆಲ್ಲ ಕಕ್ಕಿದ, ಭೇದಿ ಹತ್ತಿತು, ಕೆನ್ನೆ ಇಳಿದುಹೋಯಿತು. ಪಕ್ಕದ ಕೋಣೆಯಲ್ಲಿ ತಾಯಿಯ ಎದೆ ಸೋರುತ್ತಿತ್ತು, ಈ ಕೋಣೆಯಲ್ಲಿ ಮಗು ಹಸಿದು ಕಿರುಚುತ್ತಿತ್ತು. ಕೊನೆಗೆ ಅತ್ತೆಗೇ ತಡೆಯಲಾಗಲಿಲ್ಲ. ಗುಂಡನನ್ನು ಎತ್ತಿ ತಂದು ಸೋಪಮ್ಮನ ಮಡಿಲಿಗೆ ಹಾಕಿ, “ನಿನ್ನದು ಸೊನ್ನೆ ಅಲ್ವೇನೇ? ಇವನಿಗೂ ಒಂದಿಷ್ಟು ಕೊಡು. ನಿನಗೆ ಕೈ ಮುಗೀತೀನಿ,” ಎಂದರು.

ಅತ್ತೆ ಅವಳ ಮುಂದೆ ಕೈಮುಗಿದದ್ದು ಅದೇ ಮೊದಲು. ಸೋಪಮ್ಮ ಸೆರಗು ಸರಿಸಿದಳು. ಗುಂಡ ಕಚ್ಚಿಕೊಂಡವನು ಗುಟುಕು ಗುಟುಕೆಂದು ಕುಡಿದು, ಹೊಟ್ಟೆ ಬಿರಿಯುವವರೆಗೂ ಬಿಡಲಿಲ್ಲ. ಓರಗಿತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡಿದಳು. ಮಗನ ಗಂಟಲಿನ ಸದ್ದು ಕೇಳುತ್ತಿದ್ದಂತೆ ಅವಳ ರವಿಕೆಯೂ ನೆನೆಯಿತು. ಅವಳು ಎರಡೂ ಕೈ ಎದೆಗೆ ಒತ್ತಿಕೊಂಡು ಬಚ್ಚಲಿಗೆ ಓಡಿದಳು. ಸೋಪಮ್ಮನಿಗೆ ಆಗ ಪಾಪ ಅನ್ನಿಸಬೇಕಿತ್ತು. ಅನ್ನಿಸಿದ್ದು ತೃಪ್ತಿ.

ಅಂದಿನಿಂದ ಮನೆಯಲ್ಲಿ ಅವಳದ್ದೇ ರಾಜ್ಯ. ಕೆಲಸಕ್ಕೆ ಹೋಗುವ ಮುಂಚೆ, ಮಧ್ಯಾಹ್ನ ಓಡಿ ಬಂದು, ಸಂಜೆ ಬಂದ ಕೂಡಲೇ, ಎರಡೂ ಕೂಸುಗಳಿಗೆ ಸರದಿಯಂತೆ ಕುಡಿಸುತ್ತಿದ್ದಳು. ಅವಳ ತಟ್ಟೆಗೆ ತುಪ್ಪ ಹೆಚ್ಚಾಗಿ ಬಿತ್ತು. ಅವಳು ಕೂತರೆ ಬೆನ್ನಿಗೆ ದಿಂಬು ಬಂತು. ಸೊಪ್ಪಿನ ಮಾತನ್ನು ಅತ್ತೆ ಮರೆತೇಬಿಟ್ಟರು. ಓರಗಿತ್ತಿ ಕೆಲಸ ಬಿಟ್ಟು ಮನೆಯಲ್ಲೇ ಇದ್ದಳು. ಗುಂಡನನ್ನು ಎತ್ತಿಕೊಳ್ಳುವ ಮುಂಚೆ ಈಗ ಅವಳೂ ಕೈ ತೊಳೆಯುತ್ತಿದ್ದಳು. ಎತ್ತಿಕೊಂಡರೆ ಅವನು ಎದೆಗೆ ಮುಖ ಉಜ್ಜಿ ಹುಡುಕುತ್ತಿದ್ದ. ಹಾಗಾಗಿ ಎತ್ತಿಕೊಳ್ಳುವುದನ್ನೇ ಕಡಿಮೆ ಮಾಡಿದಳು. ಆದರೆ ದಿನಕ್ಕೆ ಹಲವು ಸಲ ಬಚ್ಚಲಿನ ಬಾಗಿಲು ಹಾಕಿಕೊಂಡು ಹಾಲು ಹಿಂಡಿ ಚೆಲ್ಲುತ್ತಿದ್ದಳು. ನಿಲ್ಲಿಸಿದರೆ ಬತ್ತಿಹೋಗುತ್ತದೆಂದು ಅವಳಿಗೆ ಯಾರೋ ಹೇಳಿದ್ದರು. ಗೋಡೆಯಾಚೆ ಆ ಹಾಲು ಮೋರಿಗೆ ಬೀಳುವ ಸದ್ದು ಸೋಪಮ್ಮನಿಗೆ ಕೇಳಿಸುತ್ತಿತ್ತು.

ಒಂದು ಬೆಳಿಗ್ಗೆ ಸೋಪಮ್ಮ ಹೊರಡುವ ಹೊತ್ತಿಗೆ ಓರಗಿತ್ತಿ ಅಡುಗೆಮನೆಯ ಹಿಂಬಾಗಿಲಲ್ಲಿ ತಡೆದು ನಿಲ್ಲಿಸಿದಳು. ಕೈಯಲ್ಲಿ ಬಟ್ಟೆ ಸುತ್ತಿದ ಶೀಸೆ.

“ಅಕ್ಕಾ, ಇನ್ನೊಂದೇ ಸಲ ನೋಡಿ. ಈಗ ಹೂವಿನ ಹತ್ರ ಹೋಗ್ತಿಲ್ವಲ್ಲ. ಕಮ್ಮಿ ಆಗಿರಬಹುದು.”

“ಅಷ್ಟು ಬೇಗ ಎಲ್ಲಿ ಕಮ್ಮಿ ಆಗುತ್ತೆ?”

“ನೋಡಿ ಅಕ್ಕಾ. ಶೀಸೆನ ನೀವು ಹೇಳಿದ ಹಾಗೇ ತೊಳೆದಿದ್ದೀನಿ. ಈ ಸಲವೂ ಇದೆ ಅಂದ್ರೆ ಬಿಟ್ಟುಬಿಡ್ತೀನಿ, ಮತ್ತೆ ಕೇಳಲ್ಲ. ಇಲ್ಲ ಅಂದ್ರೆ…” ಅವಳು ಒಳಗೆ ಗುಂಡ ಮಲಗಿದ್ದ ಕಡೆ ಒಮ್ಮೆ ನೋಡಿದಳು. “ಇಲ್ಲ ಅಂದ್ರೆ ಇವತ್ತು ಸಂಜೇನೇ ಅವನನ್ನ ಎದೆಗೆ ಹಾಕ್ಕೋತೀನಿ. ಇನ್ನೂ ಸ್ವಲ್ಪ ಬರ್ತಿದೆ.”

ಸೋಪಮ್ಮ ಶೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಣಿಸಿದ್ದಕ್ಕಿಂತ ಶುಭ್ರವಾಗಿತ್ತು. ಚೀಲಕ್ಕೆ ಹಾಕಿಕೊಂಡು ಹೋದಳು.

ಪ್ರಯೋಗಾಲಯದಲ್ಲಿ ಅಂದು ಯಂತ್ರದ ಗಣಕ ಹಾಳಾಗಿ ರಿಪೇರಿಯವನು ಬಂದಿದ್ದ. ಹಳೆಯದನ್ನು ಕಿತ್ತು, ಹೊಸದನ್ನು ಜೋಡಿಸಿ, “ಎಲ್ಲ ಹೊಸದಾಗಿ ಶುರುವಾಗಿದೆ, ಹಿಂದಿನ ಹೊಂದಿಕೆ ಯಾವುದೂ ಇರಲ್ಲ. ಒಂದೆರಡು ಚುಚ್ಚಿ ನೋಡ್ಕೊಳ್ಳಿ,” ಎಂದು ಹೇಳಿ ಹೊರಟುಹೋದ. ಮೇಡಂ ಮಹಡಿಯ ಸಭೆಯಲ್ಲಿದ್ದರು. ಸೋಪಮ್ಮ ತನ್ನ ಹಾಲಿನ ಸಾರವನ್ನೂ ಓರಗಿತ್ತಿಯ ಹಾಲಿನ ಸಾರವನ್ನೂ ಒಟ್ಟೊಟ್ಟಿಗೆ ತಯಾರು ಮಾಡಿದಳು. ಮೊದಲು ತನ್ನದನ್ನು ಚುಚ್ಚಿ ಪರದೆಯ ಮುಂದೆ ಕೂತಳು.

ಗೆರೆ ಸ್ವಲ್ಪ ದೂರ ನೆಟ್ಟಗೆ ಓಡಿತು. ಆಮೇಲೆ ಎದ್ದಿತು. ಏಳುತ್ತಲೇ ಹೋಯಿತು.

ಅವಳಿಗೆ ಮೊದಲು ಬಂದದ್ದು ಸಿಟ್ಟು, ಅದೂ ಸಾಮಾನು ತೊಳೆಯುವವಳ ಮೇಲೆ. ಹೊಸ ಶೀಸೆ, ಹೊಸ ಆಲಿಕೆ ತೆಗೆದು, ತಾನೇ ತಿಕ್ಕಿ ತೊಳೆದು, ದ್ರಾವಕದಲ್ಲಿ ಜಾಲಾಡಿಸಿ, ಒಲೆಯಲ್ಲಿ ಒಣಗಿಸಿದಳು. ಸಾಮಾನು ಕೋಣೆಗೆ ಹೋಗಿ ಎದೆಯನ್ನು ಬಿಸಿನೀರಿನಲ್ಲಿ ತೊಳೆದುಕೊಂಡು ಹೊಸದಾಗಿ ಹಾಲು ಹಿಂಡಿದಳು. ಮತ್ತೆ ಮೊದಲಿನಿಂದ ಎಲ್ಲ ಮಾಡಿ ಚುಚ್ಚಿದಳು. ಅದೇ ಜಾಗದಲ್ಲಿ ಅದೇ ಮೊನೆ ಎದ್ದಿತು. ಹಿಂದಿನದಕ್ಕಿಂತ ಇನ್ನೂ ಚೊಕ್ಕವಾಗಿತ್ತು. ಕೊನೆಗೆ ಹಾಲೇ ಸೇರಿಸದೆ ಬರೀ ದ್ರಾವಕವನ್ನು ಅದೇ ಗಾಜಿನಲ್ಲಿ ನಡೆಸಿ ಚುಚ್ಚಿದಳು. ಗೆರೆ ಚಾಪೆಯಂತೆ ಮಲಗಿತು. ಗಾಜಿನಲ್ಲಿ ಕೊಳೆಯಿರಲಿಲ್ಲ, ದ್ರಾವಕದಲ್ಲೂ ಇರಲಿಲ್ಲ.

ಒಂದೊಂದು ಔಷಧಿಯ ಮೊನೆಯೂ ತನ್ನದೇ ಜಾಗದಲ್ಲಿ ಏಳುತ್ತದೆ; ಇದು ಯಾವುದರದ್ದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಈಗ ಮಾರಾಟದಲ್ಲಿಲ್ಲದ, ಒಂದು ಕಾಲಕ್ಕೆ ಎಲ್ಲೆಲ್ಲೂ ಎರಚುತ್ತಿದ್ದ ಹಳೆಯ ಪುಡಿಯದು. ಅವಳ ಅಪ್ಪ ಆ ಪುಡಿಯ ಗೋದಾಮಿನಲ್ಲಿ ಕಾವಲುಗಾರನಾಗಿದ್ದ. ಖಾಲಿ ಚೀಲಗಳನ್ನು ಮನೆಗೆ ತರುತ್ತಿದ್ದ. ಅವ್ವ ಅವನ್ನು ಕೊಡವಿ, ಜೋಡಿಸಿ ಹೊಲಿದು ಹಾಸಿಗೆ ಮಾಡುತ್ತಿದ್ದಳು. ಮದುವೆಯಾಗಿ ಬರುವವರೆಗೂ ಸೋಪಮ್ಮ ಮಲಗಿದ್ದು ಆ ಹಾಸಿಗೆಯ ಮೇಲೇ. ಅದೆಲ್ಲ ಅವಳಿಗೆ ಈಗ ಒಮ್ಮೆಗೇ ನೆನಪಾಯಿತು. ಮೈಯ ಹೊರಗನ್ನಷ್ಟೇ ತಾನು ಇಷ್ಟು ವರ್ಷ ತೊಳೆದದ್ದು ಎಂಬುದು ಅವಳಿಗೆ ತಿಳಿಯಿತು.

ಆಮೇಲೆ ಓರಗಿತ್ತಿಯದನ್ನು ಚುಚ್ಚಿದಳು. ಅದೇ ಜಾಗದಲ್ಲಿ ಮೊನೆ ಎದ್ದಿತು. ಎರಡು ಗೆರೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು. ಓರಗಿತ್ತಿಯದು ತನ್ನದಕ್ಕಿಂತ ಉಗುರಿನಂಚಿನಷ್ಟು ಗಿಡ್ಡವಾಗಿತ್ತು. ಸೊನ್ನೆ ಹಾಲನ್ನು ಕಳೆದರೆ ಅದರಲ್ಲಿ ಏನೂ ಉಳಿಯುವಂತಿರಲಿಲ್ಲ. ಅಂದರೆ ಪ್ರಯೋಗಾಲಯದ ಲೆಕ್ಕದಲ್ಲೇ ಓರಗಿತ್ತಿಗೆ ಈ ಸಲ ಬರಬೇಕಾದ ವರದಿ ‘ಪತ್ತೆಯಾಗಿಲ್ಲ’.

“ಓ, ನೋಡಿಬಿಟ್ಯಾ,” ಎಂದು ಬೆನ್ನ ಹಿಂದೆ ಮೇಡಂ ದನಿ.

ಸೋಪಮ್ಮ ತಿರುಗಿದಳು. “ನಿಮಗೆ ಗೊತ್ತಿತ್ತಾ ಮೇಡಂ?”

“ಮೊದಲನೇ ದಿನಾನೇ ಗೊತ್ತಿತ್ತು.”

“ಚೆನ್ನಾಗಿದೆ ಅಂದ್ರಿ.”

“ಚೆನ್ನಾಗೇ ಇದೆ. ಒಂದೇ ಸಮನಾಗಿ ಇರುತ್ತೆ ನಿಂದು, ಏರುಪೇರಿಲ್ಲ. ನನಗೆ ಬೇಕಾಗಿದ್ದು ಅದೇ.” ಮೇಡಂ ಕುರ್ಚಿ ಎಳೆದುಕೊಂಡು ಕೂತರು. “ನೋಡು, ಅಷ್ಟು ಎಲ್ಲರಲ್ಲೂ ಇರುತ್ತೆ. ಎಲ್ಲರಲ್ಲೂ ಇರೋದನ್ನ ಸೊನ್ನೆ ಅಂತ ಇಟ್ಕೊಂಡ್ರೆ ಯಾರಿಗೆ ನಷ್ಟ? ಹೂವಿನ ಮಾಲೀಕರಿಗೂ ನೆಮ್ಮದಿ, ತಾಯಂದಿರಿಗೂ ನೆಮ್ಮದಿ. ಇದೆ ಅಂತ ಹೇಳಿದ್ರೆ ಎಲ್ಲ ಹಾಲು ಬಿಡಿಸ್ತಾರೆ. ಬಿಡಿಸಿದ್ರೆ ಕೂಸುಗಳು ಇನ್ನೂ ಬೇಗ ಸಾಯ್ತವೆ. ನೀನೇ ದಿನಾ ಹೇಳ್ತೀಯಲ್ಲ, ಧಾರಾಳವಾಗಿ ಕುಡಿಸಿ ಅಂತ.”

“ನನ್ನ ಮಗಳು ಕುಡೀತಿದ್ದಾಳೆ ಮೇಡಂ.”

“ಎಲ್ಲರ ಮಕ್ಕಳೂ ಕುಡೀತಾರೆ.”

“ನನಗೆ ಹೇಳಬಹುದಿತ್ತು.”

“ಹೇಳಿದ್ರೆ ಕೊಡ್ತಿದ್ಯಾ?” ಮೇಡಂ ಪರದೆಯತ್ತ ಬಾಗಿ, ಎರಡನೆಯ ಗೆರೆಯನ್ನು ನೋಡಿ, “ಇದು ನಿಮ್ಮ ಮನೆಯವಳದ್ದಲ್ವಾ? ಅವಳ ಮಗನಿಗೂ ನೀನೇ ಕೊಡ್ತಿದ್ದೀಯಂತೆ, ಸಾಮಾನು ತೊಳೆಯೋಳು ಹೇಳ್ತಿದ್ಳು,” ಎಂದು ಸಣ್ಣಗೆ ನಕ್ಕರು. “ಪಾಪ, ಮನೆಗೆ ಹೋಗಿ ಹೇಳಿಬಿಡು. ಇಬ್ಬರದೂ ಒಂದೇ ಅಂತ. ಹೇಳ್ತೀಯಾ?”

ಉತ್ತರಕ್ಕೆ ಕಾಯದೆ ಮೇಡಂ ಹೊಸ ಗಣಕದಲ್ಲಿ ಸೊನ್ನೆ ಹಾಲನ್ನು ಕಳೆಯುವ ಹಳೆಯ ಹೊಂದಿಕೆಯನ್ನು ಮತ್ತೆ ಕೂರಿಸಿದರು. ಅವಳ ಮೊನೆ ಸರಕ್ಕನೆ ಇಳಿದು ನೆಲಕ್ಕೆ ಮಲಗಿತು, ಓರಗಿತ್ತಿಯದೂ ಮಲಗಿತು. “ನಾಳೆ ಎರಡು ಶೀಸೆ ಬೇಕು ನನಗೆ, ತಾಯಂದಿರ ಹೊಸ ತಂಡ ಬರ್ತಿದೆ,” ಎಂದು ಹೇಳಿ ಮೆದು ಚಪ್ಪಲಿಯಲ್ಲಿ ಹೊರಟುಹೋದರು.

ಮನೆಯ ದಾರಿಯಲ್ಲಿ ಸೋಪಮ್ಮ ಬಸ್ಸು ಹತ್ತಲಿಲ್ಲ. ನಡೆದಳು. ಇಲ್ಲಿ ಅವಳ ಪರವಾಗಿ ಒಂದು ಮಾತು ಹೇಳಲೇಬೇಕು. ಹೇಳಿಬಿಡಬೇಕು ಎಂದೇ ಅವಳು ಹೊರಟದ್ದು. ತನ್ನ ಹಾಲಿನ ವಿಷಯವನ್ನು ಬಾಯಿ ಬಿಡಬೇಕಾಗಿಯೂ ಇರಲಿಲ್ಲ. ‘ನಿಂದು ಈ ಸಲ ಸರಿಯಾಗಿದೆ, ಮಗನನ್ನ ತಗೋ’ ಎಂದರೆ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ, ಅವಮಾನವೂ ಆಗುತ್ತಿರಲಿಲ್ಲ, ಗುಂಡ ತನ್ನ ತಾಯಿಯ ಮಡಿಲಿಗೆ ಹೋಗುತ್ತಿದ್ದ. ಸೇತುವೆ ದಾಟುವವರೆಗೂ ಆ ಮಾತನ್ನೇ ಬಾಯಲ್ಲಿಟ್ಟುಕೊಂಡು ನಡೆದಳು. ಆಮೇಲೆ ಓರಗಿತ್ತಿ ಕೇಳಿದ ಕೂಡಲೇ ಹೇಗೆ ನಗುತ್ತಾಳೆಂಬುದು ಕಣ್ಣಿಗೆ ಕಟ್ಟಿತು. ಮನೆಯೆಲ್ಲ ಕೇಳುವಂತೆ ನಗುತ್ತಾಳೆ. ಕೈ ತೊಳೆಯದೆ ಮಗನನ್ನು ಎತ್ತಿಕೊಳ್ಳುತ್ತಾಳೆ. ಅವನು ಮತ್ತೆ ಉರುಟಾಗುತ್ತಾನೆ. ಅತ್ತೆ ಚಾಪೆಯ ಮೇಲೆ ಇಬ್ಬರನ್ನೂ ಮಲಗಿಸಿ ಹಳೆಯ ಮಾತು ಎತ್ತುತ್ತಾರೆ. ಏನೂ ತೊಳೆಯದವಳು ತನಗಿಂತ ಉಗುರಿನಷ್ಟು ಶುದ್ಧ. ಇದನ್ನು ಮಾತ್ರ ಅವಳಿಂದ ನುಂಗಲಾಗಲಿಲ್ಲ. ತನ್ನದರಲ್ಲಿ ಇದೆ ಎಂಬ ಸಂಕಟಕ್ಕಿಂತ ಇದೇ ಹೆಚ್ಚು ಉರಿಯಿತು. ಮನುಷ್ಯರು ಇಷ್ಟು ಸಣ್ಣವರಾಗುತ್ತಾರಾ ಎಂದು ಕೇಳಬೇಡಿ. ಇದಕ್ಕಿಂತ ಸಣ್ಣವರಾಗುತ್ತಾರೆ.

ಮನೆ ಬಾಗಿಲಲ್ಲೇ ಓರಗಿತ್ತಿ ಕಾದು ನಿಂತಿದ್ದಳು. ತಲೆ ಬಾಚಿಕೊಂಡಿದ್ದಳು, ಒಗೆದ ರವಿಕೆ ಹಾಕಿಕೊಂಡಿದ್ದಳು. ಗುಂಡ ಅವಳ ಹೆಗಲ ಮೇಲಿದ್ದ. ಬಹಳ ದಿನಗಳ ಮೇಲೆ ಅವನನ್ನು ಎತ್ತಿಕೊಂಡಿದ್ದಳು.

“ಅಕ್ಕಾ?”

ಸೋಪಮ್ಮ ಚಪ್ಪಲಿ ಬಿಟ್ಟು, ಕಾಲು ತೊಳೆದು, ಕೈ ತೊಳೆದು, ಒರೆಸಿಕೊಂಡಳು.

“ಇನ್ನೂ ಇದೆ,” ಎಂದಳು.

“ಎಷ್ಟು?”

“ಮುಂಚಿಗಿಂತ ಜಾಸ್ತಿ ಆಗಿದೆ.”

ಓರಗಿತ್ತಿ ಗುಂಡನನ್ನು ಹೆಗಲಿನಿಂದ ಇಳಿಸಿ, ಜೋಪಾನವಾಗಿ, ಸೋಪಮ್ಮನ ಕೈಗೆ ಕೊಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಬಾಗಿಲು ಬಡಿದು, “ಅತ್ತು ಏನು ಪ್ರಯೋಜನ, ಬಾ. ಇವಳಾದ್ರೂ ಇದ್ದಾಳಲ್ಲ,” ಎಂದು ಸಮಾಧಾನ ಹೇಳಿದರು. ಆ ಸಂಜೆಯಿಂದ ಓರಗಿತ್ತಿ ಹಿಂಡುವುದನ್ನು ನಿಲ್ಲಿಸಿದಳು. ಎದೆ ಗಟ್ಟಿಯಾಗಿ ಜ್ವರ ಬಂತು. ಅತ್ತೆ ಬಟ್ಟೆ ಬಿಗಿದು ಕಟ್ಟಿದರು. ವಾರ ಕಳೆಯುವಷ್ಟರಲ್ಲಿ ಜ್ವರ ಇಳಿಯಿತು, ಹಾಲೂ ನಿಂತುಹೋಯಿತು.

ಈಗ ಉಳಿದದ್ದು ಪುಟ್ಟಿ. ಮೊನೆಯನ್ನು ನೋಡಿದ ಮೇಲೆ ಮಗಳನ್ನು ಎದೆಗೆ ಹಾಕಿಕೊಳ್ಳುವುದು ಸೋಪಮ್ಮನಿಂದ ಆಗಲಿಲ್ಲ. ಧಾರಾಳವಾಗಿ ಕುಡಿಸಿ ಎಂದು ಊರಿಗೆಲ್ಲ ಹೇಳಿದ ಬಾಯಿ ಅವಳದೇ, ಆದರೆ ಅದು ಊರಿನ ಮಕ್ಕಳ ಮಾತು. ಮಗಳ ತುಟಿ ತಾಗಿದರೆ ಸಾಕು, ಗೆರೆ ಎದ್ದು ನಿಂತಂತಾಗುತ್ತಿತ್ತು. ಇಬ್ಬರನ್ನೂ ಬಿಡಿಸಲು ಬರುವಂತಿರಲಿಲ್ಲ. ಬಿಡಿಸಿದರೆ ಅತ್ತೆ ಕಾರಣ ಕೇಳುತ್ತಾರೆ. ಎರಡು ದಿನ ಯೋಚಿಸಿ, ಮೂರನೆಯ ದಿನ ಅತ್ತೆಯ ಹತ್ತಿರ ಕೂತು ಹೇಳಿದಳು.

“ಇಬ್ಬರಿಗೂ ಸಾಲ್ತಿಲ್ಲ ಅತ್ತೆ. ಗುಂಡನಿಗೆ ಬಾಟ್ಲಿ ಒಗ್ಗಲ್ಲ. ಪುಟ್ಟಿಗೆ ಬಾಟ್ಲಿ ಮಾಡ್ತೀನಿ. ಅವನು ಕುಡೀಲಿ.”

ಅತ್ತೆ ಅವಳ ಮುಖವನ್ನೇ ನೋಡಿದರು. ಕಣ್ಣು ತುಂಬಿ ಬಂತು. “ಹೆತ್ತ ಮಗಳನ್ನ ಬಿಟ್ಟು ಮೈದುನನ ಮಗನಿಗೆ ಕೊಡ್ತೀಯಲ್ಲೇ. ನಾನು ನಿನ್ನನ್ನ ಏನೇನೋ ಅಂದೆ,” ಎಂದು ಸೆರಗಿನಿಂದ ಮೂಗೊರೆಸಿಕೊಂಡರು. ಅಕ್ಕಪಕ್ಕದ ಮನೆಗಳಿಗೆಲ್ಲ ಅವರೇ ಹೋಗಿ ಹೇಳಿ ಬಂದರು. ಬೀದಿಯಲ್ಲಿ ಹೆಂಗಸರು ಸೋಪಮ್ಮನನ್ನು ಕಂಡರೆ ನಿಂತು ಮಾತಾಡಿಸತೊಡಗಿದರು. ರಸ್ತೆಯಲ್ಲೆಲ್ಲೋ ಇದ್ದ ಮೈದುನನೂ ಫೋನು ಮಾಡಿ, ಅತ್ತಿಗೆ, ನಿಮ್ಮ ಋಣ ತೀರಿಸೋಕಾಗಲ್ಲ ಎಂದ.

ಪುಟ್ಟಿಗೆ ಮಾತ್ರ ಇದು ಅರ್ಥವಾಗಲಿಲ್ಲ. ಬಾಟಲಿಯನ್ನು ಅದೆಷ್ಟು ಸಲ ಕುದಿಸಿದರೂ ಅವಳು ಬಾಯಿ ಬಿಗಿಹಿಡಿದಳು. ಕುಡಿಸಿದಷ್ಟನ್ನೂ ಕಕ್ಕಿದಳು. ಮೊದಲೇ ಕಡ್ಡಿಯಾಗಿದ್ದವಳ ಕತ್ತು ಇನ್ನಷ್ಟು ಸೋತಿತು, ಕೈಬೆರಳಿನ ಚರ್ಮ ಸಡಿಲವಾಯಿತು. ರಾತ್ರಿಯೆಲ್ಲ ಅಳುವ ಶಕ್ತಿಯೂ ಅವಳಿಗಿರಲಿಲ್ಲ; ಸ್ವಲ್ಪ ಅತ್ತು, ಸುಮ್ಮನಾಗಿ, ಮತ್ತೆ ಸ್ವಲ್ಪ ಅಳುತ್ತಿದ್ದಳು. ವೈದ್ಯೆ ನೋಡಿ, “ಎದೆಹಾಲು ಯಾಕಮ್ಮ ಬಿಡಿಸಿದೆ?” ಎಂದು ಗದರಿದರು. ಪಕ್ಕದಲ್ಲಿದ್ದ ಅತ್ತೆ ಸೋಪಮ್ಮನ ತ್ಯಾಗದ ಕಥೆಯನ್ನು ಅಲ್ಲೂ ಬಿಚ್ಚಿದರು.

ಒಂದು ಸಂಜೆ ಸೋಪಮ್ಮ ಕೆಲಸದಿಂದ ಬಂದು ಗೋಡೆಗೊರಗಿ ಕೂತು ಗುಂಡನಿಗೆ ಕುಡಿಸುತ್ತಿದ್ದಳು. ಎದುರಿಗೆ ಅತ್ತೆಯ ಮಡಿಲಲ್ಲಿ ಪುಟ್ಟಿ. ಹಾಲಿನ ವಾಸನೆಗೆ ಅವಳು ತಾಯಿಯ ಕಡೆ ಮುಖ ತಿರುಗಿಸಿ, ಬಾಯಿ ತೆರೆದು, ಕೈ ಚಾಚಿ, ಸಣ್ಣ ದನಿಯಲ್ಲಿ ಅಳುತ್ತಿದ್ದಳು. ಬಾಟಲಿ ಪಕ್ಕದಲ್ಲಿ ತಣ್ಣಗಾಗಿ ಬಿದ್ದಿತ್ತು.

“ಇವತ್ತೊಂದು ದಿನ ಇದಕ್ಕೂ ಒಂದು ಗುಟುಕು ಕೊಡೇ,” ಎಂದರು ಅತ್ತೆ. “ನೋಡೋಕಾಗ್ತಿಲ್ಲ.”

“ಬೇಡ ಅತ್ತೆ. ಅವನಿಗೆ ಸಾಲಲ್ಲ.”

ಓರಗಿತ್ತಿ ಬಂದು ಹತ್ತಿರ ಕೂತಳು. ಅವಳ ಎದೆ ಈಗ ಒಣಗಿ ಚಪ್ಪಟೆಯಾಗಿತ್ತು. ಪುಟ್ಟಿಯನ್ನು ನೋಡಿದಳು, ಕುಡಿಯುತ್ತಿದ್ದ ಮಗನನ್ನು ನೋಡಿದಳು, ಸೋಪಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟಳು. “ನಿಮ್ಮ ಮಗಳ ಪಾಲು ನನ್ನ ಮಗ ಕುಡೀತಿದ್ದಾನೆ ಅಕ್ಕಾ. ನಾನಾಗಿದ್ರೆ ಹೀಗೆ ಮಾಡ್ತಿರಲಿಲ್ಲ. ನನಗೆ ಇಷ್ಟು ದೊಡ್ಡ ಮನಸ್ಸಿಲ್ಲ,” ಎಂದಳು. ಅವಳು ಅಳುತ್ತಿದ್ದಳು.

ಗುಂಡ ಕುಡಿದು ಕುಡಿದು ನಿದ್ದೆಗೆ ಜಾರುತ್ತಿದ್ದ. ಎದೆಯಲ್ಲಿ ಇನ್ನು ಉಳಿದದ್ದು ಕೊನೆಯ ಗಟ್ಟಿ ಹಾಲು. ಕೊಬ್ಬೆಲ್ಲ ಕೊನೆಯ ಹಾಲಿನಲ್ಲೇ ಬರುವುದು, ಕೊಬ್ಬಿನಲ್ಲೇ ಆ ವಿಷ ಇರುವುದು. ಸೋಪಮ್ಮನಿಗೆ ಇದು ಗೊತ್ತಿಲ್ಲದ್ದೇನಲ್ಲ. ಅವನನ್ನು ಬಿಡಿಸಿ ಮಲಗಿಸಲೆಂದು ಬೆರಳು ಹಾಕಿದಳು.

“ಬಿಡಿಸಬೇಡಿ ಅಕ್ಕಾ,” ಎಂದು ಓರಗಿತ್ತಿ ಮಗನ ಅಂಗಾಲು ಕೆರೆದು ಎಚ್ಚರಿಸಿದಳು. “ಗಟ್ಟಿ ಹಾಲು ಈಗಲೇ ಬರೋದಲ್ವಾ? ಪೂರ್ತಿ ಕುಡೀಲಿ.”

ಪುಟ್ಟಿ ಅಳು ನಿಲ್ಲಿಸಿ ನೋಡುತ್ತಿದ್ದಳು. ಸೋಪಮ್ಮ ಬೆರಳು ತೆಗೆದಳು. “ಕುಡೀಲಿ ಬಿಡು,” ಎಂದು ಗುಂಡನ ತಲೆಯನ್ನು ಇನ್ನಷ್ಟು ಹತ್ತಿರಕ್ಕೆ ಒತ್ತಿಕೊಂಡಳು.